ನಾಳೆಯ ಮಾತು: ಶಾಂತಾ ಹುಬಳೀಕರ
(ಸಾಸವಡದ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಗಿರಣಿಯ ಕಚೇರಿಯಲ್ಲಿ ಹಾಜರಿಪಟ್ಟಿ, ಪಗಾರಪಟ್ಟಿ ಬರೆಯುವವರು; ಸಂಜೆಗೆ ಇಲ್ಲಿ ಬಂದು ಕಪಾಟಿನ ಬೀಗ ತೆಗೆಯುವವರು. ಮಾತಾಡಬೇಕಾಗಿದ್ದ ಮಹನೀಯರಿಗೆ ಬರಲಾಗಲಿಲ್ಲವೆಂದು ಈ ಹೊರೆ ನಮ್ಮ ಹೆಗಲಿಗೆ ಬಿದ್ದಿದೆ. ವಿಷಯ ಒಬ್ಬ ಸಿನಿಮಾ ನಟಿಯದು ಎಂದು ಫಲಕದ ಮೇಲೆ ಬರೆದಾಗ ಹಿರಿಯರೊಬ್ಬರು, "ವಾಚನಾಲಯದಾಗ ಇದೇನಪಾ?" ಎಂದರು. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಕೊನೆಯವರೆಗೆ ಕೇಳಿ ಆಮೇಲೆ ಬಯ್ಯಬೇಕೆಂದು ಅರಿಕೆ.

ಈ ಊರಿಗೆ ಸಿನಿಮಾ ಹೊಸದೇನೂ ಅಲ್ಲ. ಪಕ್ಕದ ಕೋಡಿತದಲ್ಲಿ 1898ರಲ್ಲಿ ಹುಟ್ಟಿದ ಆಚಾರ್ಯ ಅತ್ರೆಯವರು ತೆಗೆದ 'ಶ್ಯಾಮಚಿ ಆಯಿ'ಗೆ 1954ರಲ್ಲಿ ರಾಷ್ಟ್ರಪತಿಗಳ ಮೊದಲನೆಯ ಸುವರ್ಣ ಪದಕ ಬಂತು. ಸಾಸವಡದವರು ಅವರ ಹೆಸರನ್ನು ಮರೆತಿಲ್ಲ, ಮರೆಯಗೊಡುವದೂ ಇಲ್ಲ. ನಾವು ಹೇಳಹೊರಟಿರುವವರ ಪಾಡು ಬೇರೆ. ಅವರು ನಮ್ಮ ಕಡೆಯವರು, ಹುಬ್ಬಳ್ಳಿಯ ಮಗ್ಗುಲ ಅದರಗುಂಚಿಯವರು. ಹೆಸರು ಶಾಂತಾ ಹುಬಳೀಕರ.

ಈ 'ಕರ' ಎಂಬುದನ್ನು ಗಮನಿಸಬೇಕು. ನಮ್ಮ ಹಾಜರಿಪಟ್ಟಿಯಲ್ಲೂ ಬಿಜಾಪುರಕರ ಇದ್ದಾರೆ, ಗದಗಕರ ಇದ್ದಾರೆ. ಊರಿನಲ್ಲಿದ್ದಾಗ ಯಾರೂ ಅವರನ್ನು ಹಾಗೆ ಕರೆದಿರಲಿಕ್ಕಿಲ್ಲ. ಹುಬ್ಬಳ್ಳಿಯಲ್ಲಿ ಇರುವವನಿಗೆ ಹುಬಳೀಕರ ಎಂದು ಹೆಸರು ಯಾಕೆ ಬೇಕು? ಊರು ಬಿಟ್ಟವನಿಗೇ ಊರಿನ ಹೆಸರು ಅಂಟಿಕೊಳ್ಳುವದು.

ಶಾಂತಾಬಾಯಿಯವರು ಹುಟ್ಟಿದ್ದು 1914ರಲ್ಲಿ. ಮನೆಯಲ್ಲಿ ಇಟ್ಟ ಹೆಸರು ರಾಜಮ್ಮ. ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲವಾದರು, ಬಂಧುಗಳ ಆಸರೆಯಲ್ಲಿ ಬೆಳೆದರು. ಪ್ರಾಯಕ್ಕೆ ಬಂದಾಗ ವಯಸ್ಸಾದವನೊಬ್ಬನಿಗೆ ಕೊಟ್ಟು ಮದುವೆ ಮಾಡುವ ಮಾತು ನಡೆಯಿತು. ಹುಡುಗಿ ಮನೆ ಬಿಟ್ಟು ಗದಗಿಗೆ ಹೋಗಿ ನಾಟಕ ಮಂಡಳಿ ಸೇರಿತು. ಹೇಳುವದಕ್ಕೆ ಇದು ಒಂದೇ ವಾಕ್ಯ. ಆದರೆ ಆ ಕಾಲದ ಹಳ್ಳಿ, ದಿಕ್ಕಿಲ್ಲದ ಹೆಣ್ಣುಮಗಳು, ಕೈಯಲ್ಲಿ ದುಡ್ಡಿಲ್ಲ. ನಾಟಕದವಳು ಎಂದರೆ ಜನ ಏನನ್ನುತ್ತಿದ್ದರೆಂಬುದು ನಿಮಗೆಲ್ಲ ಗೊತ್ತು. ಹಾಗಿದ್ದೂ ಅವರು ಹೋದರು. ನಾವು ಗಂಡಸರು ನೌಕರಿಯ ಚೀಟಿ ಕೈಯಲ್ಲಿ ಹಿಡಿದು, ಇಲ್ಲಿ ಇಳಿದುಕೊಳ್ಳಲು ದೊಡ್ಡಪ್ಪನ ಮಗನ ಖೋಲಿ ಇದೆಯೆಂದು ಖಾತ್ರಿ ಮಾಡಿಕೊಂಡು ರೈಲು ಹತ್ತಿದವರು. ಆದರೂ ಮಿರಜ ದಾಟುವಾಗ ಎದೆ ಹೊಡೆದುಕೊಂಡಿತ್ತು.

ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ನಮ್ಮ ಹಿರಿಯರಿಗೆ ಕಾಗದಪತ್ರ, ನೌಕರಿ, ವಿದ್ಯೆ ಎಲ್ಲಕ್ಕೂ ಪುಣೆ ಮುಂಬಯಿಗಳೇ ದಾರಿ. ನಾಟಕ, ಸಂಗೀತಗಳೂ ಇದೇ ದಾರಿಯಲ್ಲಿ ಹೋಗಿ ಬರುತ್ತಿದ್ದವು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ಇಡೀ ಹಿಂದುಸ್ತಾನಕ್ಕೆ ಬೇಕಾದರು. ಶಾಂತಾಬಾಯಿ ಕೊಲ್ಲಾಪುರದ ಬೋಲಪಟಗಳಲ್ಲಿ ಕಾಣಿಸಿಕೊಂಡು ಅಲ್ಲಿಂದ ಪುಣೆಯ ಪ್ರಭಾತ ಕಂಪನಿಗೆ ಬಂದರು.

ಪ್ರಭಾತ ಎಂದರೆ ಇಂದಿನ ಹುಡುಗರಿಗೆ ಬರಿಯ ರಸ್ತೆಯ ಹೆಸರು. 1929ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಕಂಪನಿ ಅದು. 1936ರ ಅದರ 'ಸಂತ ತುಕಾರಾಮ' ಮರುವರ್ಷ ವೆನಿಸ್ಸಿನಲ್ಲಿ ಮನ್ನಣೆ ಪಡೆಯಿತು. ಅದೇ ಸ್ಟುಡಿಯೊದ ಜಾಗದಲ್ಲಿ 1960ರಿಂದ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಯುತ್ತಿದೆ. ದಿವೆ ಘಾಟ ಇಳಿದು ಹಡಪಸರ ದಾಟಿದರೆ ನಮಗೆ ಅದೇನು ದೂರವಲ್ಲ. ಅಂದಿನ ಸ್ಟುಡಿಯೊ ಎಂದರೆ ಒಂದು ಬಗೆಯ ಗಿರಣಿಯೇ. ನಟನಟಿಯರೂ ನಮ್ಮ ಹಾಗೆ ತಿಂಗಳ ಪಗಾರದವರು. ಹೊತ್ತಿಗೆ ಸರಿಯಾಗಿ ಬರಬೇಕು. ಕರಾರು ಮುಗಿದರೆ ನಮಸ್ಕಾರ.

ಅಲ್ಲಿ 1938ರಲ್ಲಿ 'ಮಾಝಾ ಮುಲಗಾ', 1939ರಲ್ಲಿ 'ಮಾಣೂಸ'. ಎರಡನೆಯದರ ನಿರ್ದೇಶಕರು ವ್ಹಿ. ಶಾಂತಾರಾಮರು, ಹಿಂದಿಯಲ್ಲಿ ಅದಕ್ಕೆ 'ಆದ್ಮಿ' ಎಂದು ಹೆಸರು. ಶಾಂತಾಬಾಯಿಗೆ ಆಗ 25 ವರ್ಷ. ಅವರದು ಮೈನಾ ಎಂಬ ವೇಶ್ಯೆಯ ಪಾತ್ರ. ಶಾಹೂ ಮೋಡಕರದು ಗಣಪತ ಎಂಬ ಪೋಲೀಸನದು. ಧಾಳಿಯ ರಾತ್ರಿ ಅವನು ಅವಳನ್ನು ಉಳಿಸುತ್ತಾನೆ, ಆಮೇಲೆ ಒಲಿಯುತ್ತಾನೆ, ತಾಯಿಯ ಬಳಿಗೆ ಸೊಸೆ ಮಾಡಿಕೊಳ್ಳಲು ಕರೆದೊಯ್ಯುತ್ತಾನೆ. ಆ ಮುದುಕಿಯ ದೇವರು, ದೀಪ, ಮಡಿ ಎಲ್ಲ ನೋಡಿ ಅವಳಿಗೇ ಧೈರ್ಯ ಸಾಲದೆ ಹಿಂದಿರುಗಿ ಓಡುತ್ತಾಳೆ. ಕೊನೆಗೆ ತನ್ನನ್ನು ಕಾಡುತ್ತಿದ್ದ ಮಾಮನ ಕೊಲೆಯಾಗಿ ಅವಳು ಸೆರೆಮನೆಗೆ ಹೋಗುತ್ತಾಳೆ. ಆದರೆ ಪ್ರೇಮ ಕೆಟ್ಟಿತೆಂದು ಪೋಲೀಸ ಸಾಯುವದಿಲ್ಲ, ಮರಳಿ ಕೆಲಸಕ್ಕೆ ನಿಲ್ಲುತ್ತಾನೆ. ಕುಡಿದು ಕುಡಿದು ಸಾಯುವ 'ದೇವದಾಸ'ನಿಗೆ ಮನೆಮನೆಯಲ್ಲಿ ಕಣ್ಣೀರು ಸುರಿಯುತ್ತಿದ್ದ ಕಾಲದಲ್ಲಿ ಶಾಂತಾರಾಮರು ಕೊಟ್ಟ ಉತ್ತರ ಇದು. ನಮಗೇನೋ ಈ ಉತ್ತರವೇ ಹಿಡಿಸಿತು. ನಾಳೆ ಬೆಳಗಿನ ಪಾಳಿ ಇರುವವನು ದೇವದಾಸನಾಗಿ ಬದುಕುವ ಹಾಗಿಲ್ಲ.

ಕಳೆದ ತಿಂಗಳು ಈ ಚಿತ್ರವನ್ನು ಮೊಬೈಲಿನಲ್ಲಿ ಹಚ್ಚಿ, ಇದೇ ಮೇಜಿನ ಮೇಲೆ ಡಬ್ಬಿಗೆ ಆನಿಸಿಟ್ಟು, ಎಂಟು ಜನ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ದನಿ ಗೊಗ್ಗರಾಗಿತ್ತು, ಚಿತ್ರ ಅಲ್ಲಲ್ಲಿ ಮಸುಕು. ಆದರೆ ಆ ಹೆಣ್ಣುಮಗಳು ನಗುವ ರೀತಿ! ಮುಖ ನಗುತ್ತದೆ, ಕಣ್ಣು ಬಾಗಿಲ ಕಡೆ ಇರುತ್ತದೆ. 'ಕಶಾಲಾ ಉದ್ಯಾಚಿ ಬಾತ' ಎಂಬ ಹಾಡು ಬಂದಾಗ ಯಾರೂ ಮಾತಾಡಲಿಲ್ಲ. ಮಾಸ್ಟರ ಕೃಷ್ಣರಾವ ಅವರ ಸಂಗೀತ. ಬೇರೆ ಬೇರೆ ಪ್ರಾಂತದ ಗಿರಾಕಿಗಳ ಮುಂದೆ ಬೇರೆ ಬೇರೆ ಭಾಷೆಯಲ್ಲಿ ಹಾಡನ್ನು ತಿರುಗಿಸುತ್ತ ಅವಳು ಹೇಳುವದು ಒಂದೇ: ನಾಳೆಯ ಮಾತು ಯಾಕೆ ಎಂದು. ನಾವು ಇಲ್ಲಿ ಸೇಟಜಿಯ ಹತ್ತಿರ ಹಿಂದಿ, ಮುಕಾದಮನ ಹತ್ತಿರ ಮರಾಠಿ ಮಾತಾಡಿ, ಕನ್ನಡವನ್ನು ಖೋಲಿಗೆ ಬಂದ ಮೇಲೆ ಅಂಗಿಯ ಸಂಗಡ ಬಿಚ್ಚುವವರು. ಅವಳ ಪರದಾಟ ನಮಗೆ ಅರ್ಥವಾಗದೆ ಇದ್ದೀತೆ?

ಅದೇ 1939ರಲ್ಲಿ ಅವರಿಗೆ ಪುಣೆಯ ಬಾಪೂಸಾಹೇಬ ಗೀತೆಯವರೊಡನೆ ಮದುವೆಯಾಯಿತು. 1942ರಲ್ಲಿ ಕನ್ನಡಕ್ಕೂ ಬಂದರು. ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲಿ ಕೆಂಪರಾಜ ಅರಸು, ಬಿ. ಜಯಮ್ಮ ಅವರ ಜೊತೆಯಲ್ಲಿ ಪಾತ್ರ ವಹಿಸಿದರು. ಅದೇ ವರ್ಷ ಮರಾಠಿಯಲ್ಲಿ 'ಪಹಿಲಾ ಪಾಳಣಾ'. ಆಮೇಲೆ ಚಿತ್ರಗಳು ವಿರಳವಾದವು. ಹೊಸ ಮುಖಗಳು ಬಂದವು; ಹಿನ್ನೆಲೆಯಲ್ಲಿ ಬೇರೆಯವರು ಹಾಡುವ ಪದ್ಧತಿ ಬೇರೂರಿ, ಹಾಡಬಲ್ಲ ನಟಿಗೆ ಇದ್ದ ಬೆಲೆ ಇಳಿಯಿತು. ಪ್ರಭಾತವೇ 1950ರ ದಶಕದಲ್ಲಿ ಬಾಗಿಲು ಹಾಕಿತು.

ಮುಂದಿನ ಮೂವತ್ತು ನಾಲ್ವತ್ತು ವರ್ಷ ಜಗತ್ತು ಅವರನ್ನು ಕೇಳಲಿಲ್ಲ. ಹಾಡು ಮಾತ್ರ ಉಳಿಯಿತು. ಮದುವೆ ಮನೆಯಲ್ಲಿ, ಮೇಳದಲ್ಲಿ, ರೇಡಿಯೊದಲ್ಲಿ ಹಾಡು ಇದ್ದೇ ಇತ್ತು. ಹಾಡಿದವರು ಇಲ್ಲವೇನೋ ಎಂದು ಜನ ತಿಳಿದರು. ಅವರು ಇದ್ದರು. ಮುಂಬಯಿಯ ಆಚೆ ವಸಯಿಯ ಶ್ರದ್ಧಾನಂದ ಮಹಿಳಾಶ್ರಮದಲ್ಲಿ, ಆಸರೆ ಬೇಡಿ ಬಂದ ಇತರ ಹೆಂಗಸರ ನಡುವೆ ಒಬ್ಬ ವೃದ್ಧೆಯಾಗಿ ಇದ್ದರು. ಯಾಕೆ ಹಾಗಾಯಿತು, ಯಾರ ತಪ್ಪು ಎಂದು ಇಲ್ಲಿ ಕುಳಿತು ನ್ಯಾಯ ಹೇಳುವದು ನಮ್ಮ ಕೆಲಸವಲ್ಲ. ಗುಮಾಸ್ತರ ಬುದ್ಧಿಗೆ ತೋಚುವದು ಒಂದೇ. ಭವಿಷ್ಯ ನಿಧಿಯ ಕಾಯಿದೆ ಬಂದದ್ದು 1952ರಲ್ಲಿ. ಸಿನಿಮಾ ಕೆಲಸಗಾರರ ಕಲ್ಯಾಣ ನಿಧಿಯ ಕಾಯಿದೆ ಬಂದದ್ದು 1981ರಲ್ಲಿ. 1939ರಲ್ಲಿ ತಿಂಗಳ ಪಗಾರಕ್ಕೆ ಹಾಡಿದ ಹೆಣ್ಣಿನ ನಾಳೆಯನ್ನು ಯಾವ ಲೆಡ್ಜರಿನಲ್ಲೂ ಯಾರೂ ಬರೆದಿಟ್ಟಿರಲಿಲ್ಲ.

ಇನ್ನು ಅವರು ಮರಳಿ ಬಂದ ಸಂಗತಿ. ನಟಿಯೊಬ್ಬಳು ಮರಳಿ ಬಂದಳು ಎಂದರೆ ನಾವು ತಿಳಿಯುವದು ಮತ್ತೆ ಬಣ್ಣ ಹಚ್ಚಿದಳು ಎಂದು. ಮಲೆಯಾಳದ ಮಂಜು ವಾರಿಯರ್ 1999ರಲ್ಲಿ ಬಿಟ್ಟ ಚಿತ್ರರಂಗಕ್ಕೆ 2014ರಲ್ಲಿ ಹಿಂದಿರುಗಿ ಗೆದ್ದದ್ದು ಹಾಗೆ. ಅದೂ ದೊಡ್ಡದೇ. ಶಾಂತಾಬಾಯಿಗೆ ಆ ಭಾಗ್ಯವಿರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು. ಆಶ್ರಮದಲ್ಲಿ ಅವರು ಇರುವ ಸುದ್ದಿ ಹೊರಗೆ ಬಂದು, ಹಳಬರು ಬೆರಗಾಗಿ, ಮತ್ತೆ ಅವರ ಹೆಸರು ಜನರ ಬಾಯಿಗೆ ಬಂತು. 1990ರಲ್ಲಿ ಅವರ ಆತ್ಮಕಥೆ ಮರಾಠಿಯಲ್ಲಿ ಪ್ರಕಟವಾಯಿತು. ಅದಕ್ಕೆ ಇಟ್ಟ ಹೆಸರು ಅದೇ ಹಾಡಿನದು: 'ಕಶಾಲಾ ಉದ್ಯಾಚಿ ಬಾತ'. ಇಪ್ಪತ್ತೈದರಲ್ಲಿ ಬೇರೊಬ್ಬರು ಬರೆದುಕೊಟ್ಟ ಮಾತನ್ನು ಹಾಡಿದವರು ಎಪ್ಪತ್ತಾರರಲ್ಲಿ ಅದೇ ಮಾತನ್ನು ತಮ್ಮ ಬಾಳಿನ ಮೇಲೆ ಇಟ್ಟರು. ಎರಡು ವರ್ಷದ ಮೇಲೆ, 1992ರ ಜುಲೈ 17ರಂದು ತೀರಿಕೊಂಡರು.

ಹುಬ್ಬಳ್ಳಿಯವರು, ಆಕೆ ಪುಣೆಯವಳು ಎಂದರು. ಪುಣೆಯವರು, ಹೆಸರೇ ಹುಬಳೀಕರ ಎಂದರು. ಹೀಗೆ ಎರಡು ಊರಿನ ನಡುವೆ ಬಿದ್ದವರು ಈ ಕೋಣೆಯಲ್ಲಿ ಎಷ್ಟು ಜನ ಇದ್ದೇವೆ, ಕೈ ಎತ್ತಿ ಎನ್ನುವದಿಲ್ಲ.

ಬೇರೊಂದು ಮಾತು ಹೇಳಲೇಬೇಕು. ನಮ್ಮ ಚಾಳಿನ ಹಿಂದಿನ ಖಾನಾವಳಿ ನಿಮಗೆ ನೆನಪಿರಬಹುದು. ರೋಣದ ಕಡೆಯ ಅಜ್ಜಿ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಇಲ್ಲಿ ಕುಳಿತಿರುವವರಲ್ಲಿ ಅರ್ಧ ಜನ ಮದುವೆಯಾಗುವವರೆಗೆ ಅವರ ಕೈಯ ಅನ್ನ ಉಂಡವರು. ನಾವು ಆರು ವರ್ಷ ಉಂಡೆವು. ತಿಂಗಳ ಕೊನೆಗೆ ರೊಕ್ಕ ಇಲ್ಲವೆಂದರೆ, "ಇರಲಿ ತಮ್ಮಾ, ಪಗಾರ ಆಗಲಿ" ಎನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ಖಾನಾವಳಿ ಮುಚ್ಚಿತು. ಎಲ್ಲಿಗೆ ಹೋದಿರಿ ಎಂದು ನಾವು ಕೇಳಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡೆವು. ಆ 'ಹೋಗಿರಬೇಕು' ಎಂಬ ಮಾತು ಎಷ್ಟು ಸುಲಭ ನೋಡಿ. ಮೊಬೈಲಿನಲ್ಲಿ ಮೈನಾಳ ಹಾಡು ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಮರು ಭಾನುವಾರ ಮೂವರು ಹುಡುಕಿಕೊಂಡು ಹೊರಟೆವು. ಅಲ್ಲಿ ಇಲ್ಲಿ ವಿಚಾರಿಸಿ ಹಡಪಸರದ ಒಂದು ಗಲ್ಲಿಯಲ್ಲಿ ಸಿಕ್ಕರು. ತಂಗಿಯ ಮೊಮ್ಮಗನ ಒಂದೇ ಖೋಲಿ. ಮೂಲೆಯಲ್ಲಿ ಅವರ ಚಾಪೆ. ಕಣ್ಣು ಮಂಜಾಗಿದೆ. ನಮ್ಮ ಮುಖ ಗುರುತಿಸಲಿಲ್ಲ, ದನಿ ಗುರುತಿಸಿದರು. ಮೊದಲು ಕೇಳಿದ್ದು, "ಊಟಾ ಆಗೇತೇನು?" ಎಂದು. ಹಿಂದಿನ ಬಾಕಿಯೆಂದು ಸ್ವಲ್ಪ ರೊಕ್ಕ ಕೊಡಹೋದರೆ ತೆಗೆದುಕೊಳ್ಳಲೊಲ್ಲರು. ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇವೆ ಎಂದಾಗ ಮಾತ್ರ ಸುಮ್ಮನಾದರು. ಪೊರೆ ಬಂದಿದೆ, ತೆಗೆಯಬಹುದು ಎಂದು ಡಾಕ್ಟರರು ಹೇಳಿದ್ದಾರೆ. ಆ ಖರ್ಚಿನ ಸಲುವಾಗಿ ಒಂದು ಡಬ್ಬಿ ಬಾಗಿಲ ಹತ್ತಿರ ಇಟ್ಟಿದೆ. ಲೆಕ್ಕ ನಮ್ಮ ಹತ್ತಿರ ಇದೆ, ಯಾರು ಬೇಕಾದರೂ ನೋಡಬಹುದು.

ಇನ್ನು ಪುಸ್ತಕದ ಮಾತು. ಶಾಂತಾಬಾಯಿಯವರ ಆತ್ಮಕಥೆ ನಮ್ಮ ಕಪಾಟಿನಲ್ಲಿ ಇಲ್ಲ, ಇರಬೇಕಾಗಿತ್ತು. ಪುಣೆಯ ಹಳೆಯ ಪುಸ್ತಕದ ಅಂಗಡಿಯೊಂದಕ್ಕೆ ಹೇಳಿಟ್ಟಿದ್ದೇವೆ. ಸಿಕ್ಕ ಮೇಲೆ ಭಾನುವಾರ ಸಂಜೆ ಐದಕ್ಕೆ ಒಂದೊಂದು ಅಧ್ಯಾಯ ಓದಿ ಅಲ್ಲೇ ಕನ್ನಡದಲ್ಲಿ ಹೇಳುವದೆಂದು ಗೊತ್ತುಪಡಿಸಿದೆ. ಮರಾಠಿ ಶಾಲೆಯಲ್ಲಿ ಓದುತ್ತಿರುವ ನಮ್ಮ ಮಕ್ಕಳು ಓದಲಿ, ದೊಡ್ಡವರು ಕನ್ನಡ ಮಾಡಲಿ. ಖಾನಾವಳಿಯ ಅಜ್ಜಿ ಬರುತ್ತೇನೆಂದಿದ್ದಾರೆ. ಅವರನ್ನು ರಿಕ್ಷಾದಲ್ಲಿ ಕರೆತರುವವರು ಸಭೆ ಮುಗಿದ ಮೇಲೆ ಹೆಸರು ಬರೆಯಿಸಬೇಕು. ಮುಂದಿನ ಸಾಲಿನ ಹಿರಿಯರು ಕೈ ಎತ್ತುತ್ತಿದ್ದಾರೆ. ಬಯ್ಯಲಿಕ್ಕೋ ಹೆಸರು ಬರೆಯಿಸಲಿಕ್ಕೋ, ಅವರೇ ಹೇಳಲಿ.