ರಕ್ತನಾಳದೊಳಗಿನ ನೂಲು



ಸಿರುಮುಗೈಯ ಮಗ್ಗಗಳನ್ನು ಬಲ್ಲ ನಮ್ಮ ದೇವಾಂಗ ಮನೆಗಳಿಗೆ ನೂಲಿನ ಮಾತು ಹೊಸದಲ್ಲ. ರಕ್ತನಾಳದ ಸ್ನಾಯುಕೋಶಗಳೊಳಗೂ ನೂಲುಂಟು; ಅದರ ಹೆಸರು ಆಕ್ಟಿನ್. 1942ರಲ್ಲಿ ಹಂಗೆರಿಯ ಸ್ಟ್ರೌಬ್ ಎಂಬವರು ಅದನ್ನು ಬೇರ್ಪಡಿಸಿ ತೋರಿದರು.

ನಾಳದ ಒಳಪದರಕ್ಕೆ ಪೆಟ್ಟಾದರೆ ನಡುಪದರದ ಈ ಕೋಶಗಳು ಅತ್ತ ತೆವಳುತ್ತವೆ. ಆಗ ಪ್ರೊಫಿಲಿನ್ ಎಂಬ ಪ್ರೋಟೀನು ಆಕ್ಟಿನ್ ಕಣಗಳನ್ನು ಎಳೆಯ ತುದಿಗೆ ಒದಗಿಸುತ್ತದೆ. ಆರ್ಪ್ 2/3 ಎಂಬುದು ಎಳೆಯ ಮಗ್ಗುಲಿನಲ್ಲಿ ಸುಮಾರು 70 ಡಿಗ್ರಿ ಕೋನದಲ್ಲಿ ಕವಲೊಡೆಯಿಸುತ್ತದೆ. ಕವಲುಗಳು ಬೆಳೆದು ಕೋಶದ ಅಂಚನ್ನು ಮುಂದೆ ತಳ್ಳುತ್ತವೆ. ಕೋಫಿಲಿನ್ ಹಳೆಯ ಎಳೆಗಳನ್ನು ಕತ್ತರಿಸಿ ಕಣಗಳನ್ನು ಮರಳಿ ಕೊಡುತ್ತದೆ. ಮಗ್ಗದಲ್ಲಿ ಎಳೆ ಕಡಿದರೆ ಕೆಲಸ ನಿಲ್ಲುತ್ತದೆ. ಇಲ್ಲಿ ಕಡಿಯದಿದ್ದರೆ ನಿಲ್ಲುತ್ತದೆ!

ಗಾಯ ಮುಚ್ಚುವಷ್ಟಕ್ಕೆ ಮುಗಿದರೆ ಒಳಿತು. ಮೀರಿದರೆ ಒಳಪದರ ದಪ್ಪಗಟ್ಟಿ ರಕ್ತದ ದಾರಿ ಕಿರಿದಾಗುತ್ತದೆ. ಬಲೂನಿನಿಂದ ಹಿಗ್ಗಿಸಿದ ಹೃದಯನಾಳ ಮತ್ತೆ ಇಕ್ಕಟ್ಟಾಗಲು ಇದೂ ಒಂದು ಕಾರಣ. ಆದುದರಿಂದಲೇ ವೈದ್ಯರು ಔಷಧ ಲೇಪಿಸಿದ ಸ್ಟೆಂಟನ್ನು ಅಲ್ಲಿ ಇಡುತ್ತಾರೆ.