ಖಾಲಿ ಲಾರಿಯ ಬಾಡಿಗೆ ಯಾರ ತಲೆಗೆ?

(ಹುಣಸೂರಿನಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಕುಳಿತಿರುವ ಈ ಹುಣಸೂರು ಒಂದು ಕಾಲಕ್ಕೆ ಗಾಡಿ ಕಟ್ಟುವವರ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಮುಖ್ಯ ಠಾಣೆ ಇಲ್ಲಿತ್ತು. ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆ ಎಲ್ಲವೂ ಇದ್ದವು. 1864ರ ಸುಮಾರಿಗೆ ಮದ್ರಾಸ್ ಸರ್ಕಾರ ಅವನ್ನು ಮುಚ್ಚಿತು. ಆದರೆ ಕೆಲಸ ಕಲಿತ ಕೈಗಳು ಸುಮ್ಮನಿರಲಿಲ್ಲ. ಬೂಟು ಹೊಲಿದವು, ಗಾಡಿ ಕಟ್ಟಿದವು. ಕೊಡಗಿನ ಕಾಫಿ ಇಲ್ಲಿಗೆ ಇಳಿದು, ಇಲ್ಲಿ ಹಸನಾಗಿ ಮುಂದಕ್ಕೆ ಹೋಗುತ್ತಿತ್ತು. ಗಾಡಿ ಹೊಡೆಯುವವನಿಗೆ ಯಾವ ಅರ್ಥಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿರಲಿಲ್ಲ: ಹೋಗುವಾಗಲೂ ಹೇರು ಬೇಕು, ಬರುವಾಗಲೂ ಹೇರು ಬೇಕು. ಬರಿಗಾಡಿ ಎಳೆದ ಎತ್ತೂ ಹುಲ್ಲು ತಿನ್ನುತ್ತದಷ್ಟೆ.

ಈಗ ಎತ್ತಿನ ಬದಲು ಡೀಸೆಲ್ ಬಂದಿದೆ. ಲೆಕ್ಕ ಮಾತ್ರ ಬದಲಾಗಿಲ್ಲ. ಬದಲಾದದ್ದು ಏನೆಂದರೆ, ಆ ಹುಲ್ಲಿನ ಹಣ ಯಾರು ಕೊಡುತ್ತಾರೆ ಎಂಬುದು.

ಈ ಸಭೆಯಲ್ಲಿರುವ ವರ್ತಕರು ಮೈಸೂರಿನ ಸಂತೇಪೇಟೆಯಿಂದ ಸರಕು ತರುವವರು. ಹತ್ತು ಟನ್ ಹೊರುವ ಲಾರಿ ಹುಣಸೂರಿನಿಂದ ಮೈಸೂರಿಗೆ, ಸುಮಾರು 45 ಕಿಲೋಮೀಟರು, ತುಂಬಿಕೊಂಡು ಹೋಗಿ ಖಾಲಿ ಹಿಂದಿರುಗುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಹೋಗುವಾಗ 11 ಲೀಟರು, ಬರುವಾಗ 9 ಲೀಟರು. ಲೀಟರಿಗೆ 90 ರೂಪಾಯಿ ಹಿಡಿದರೂ ಒಟ್ಟು 1,800 ರೂಪಾಯಿ. ಅದರಲ್ಲಿ 810 ರೂಪಾಯಿ ಗಾಳಿಯನ್ನು ಹೊತ್ತು ತಂದದ್ದಕ್ಕೆ! ಲಾರಿಯವನು ಅದನ್ನು ತನ್ನ ಮನೆಯಿಂದ ತರುವುದಿಲ್ಲ. ತುಂಬಿದ ಮೂಟೆಗಳ ಮೇಲೆಯೇ ಹಾಕುತ್ತಾನೆ. ಹಾಗಾದರೂ ಕ್ವಿಂಟಾಲಿಗೆ ಬೀಳುವುದು 18 ರೂಪಾಯಿ ಡೀಸೆಲ್.

ಇನ್ನು ಬೆಟ್ಟದಪುರದಲ್ಲೋ ಹನಗೋಡಿನಲ್ಲೋ ಅಂಗಡಿ ಇಟ್ಟವನನ್ನು ತೆಗೆದುಕೊಳ್ಳಿ. ಅವನಿಗೆ ಹತ್ತು ಟನ್ ಸರಕು ಎಲ್ಲಿಂದ ಬರಬೇಕು? ಏಳು ಕ್ವಿಂಟಾಲು ತರಲು ಚಿಕ್ಕ ಗೂಡ್ಸ್ ಗಾಡಿ ಹಿಡಿಯುತ್ತಾನೆ. ಅದೇ 90 ಕಿಲೋಮೀಟರು ಎಂದರೂ, ಲೀಟರಿಗೆ 15ರಂತೆ 6 ಲೀಟರು, 540 ರೂಪಾಯಿ. ಕ್ವಿಂಟಾಲಿಗೆ 77 ರೂಪಾಯಿ! ದೊಡ್ಡವನಿಗಿಂತ ನಾಲ್ಕು ಪಟ್ಟಿಗೂ ಮೇಲೆ. ಚಾಲಕನ ಕೂಲಿ, ಟೈರು, ಸಾಲದ ಕಂತು, ಹಮಾಲಿ ಇನ್ನೂ ಸೇರಿಲ್ಲ. ಅಂಗಡಿಯವನು ಹೆಚ್ಚು ಬೆಲೆ ಹೇಳಿದನೆಂದು ಗಿರಾಕಿ ಗೊಣಗುತ್ತಾನೆ. ಗಿರಾಕಿಗೆ ಸಾಲ ಕೊಟ್ಟೂ ಲಾಭ ಉಳಿಯಲಿಲ್ಲವೆಂದು ಅಂಗಡಿಯವನು ಗೊಣಗುತ್ತಾನೆ. ಇಬ್ಬರ ನಡುವೆ ಕುಳಿತು ತಿನ್ನುತ್ತಿರುವುದು ಆ ಖಾಲಿ ಗಾಡಿ.

ಹೊಗೆಸೊಪ್ಪಿನ ರೈತನ ಗತಿಯೂ ಇದೇ. ತಂಬಾಕು ಮಂಡಳಿ 1976ರಲ್ಲಿ ಬಂತು. ಕರ್ನಾಟಕದಲ್ಲಿ ಹರಾಜು 1984ರಲ್ಲಿ ಶುರುವಾಯಿತು. ಅದಕ್ಕೆ ಮೊದಲು ಕೊಳ್ಳುವವನು ಹೇಳಿದ್ದೇ ಬೆಲೆ. ಹರಾಜು ಒಳ್ಳೆಯದೇ ಆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬ್ಯಾರನ್ನಿಗೆ ಸೌದೆ ತರಿಸುವ ಬಾಡಿಗೆ ರೈತನದು, ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ಬೇಲು ಒಯ್ಯುವ ಬಾಡಿಗೆ ರೈತನದು. ಬೇಲು ಬಿಕರಿಯಾಗದೆ ಹಿಂದಿರುಗಿದರೆ ಆ ಬಾಡಿಗೆಯೂ ರೈತನದೇ. ಬೆಲೆ ಎಷ್ಟೆಂದು ಕೂಗುವ ವ್ಯವಸ್ಥೆಯನ್ನು ಸಾರ್ವಜನಿಕ ಮಾಡಿದೆವು. ಸರಕು ಆ ಕೂಗಿನ ತನಕ ಬರುವ ದಾರಿಯನ್ನು ಅವನವನ ಹಣೆಬರಹಕ್ಕೆ ಬಿಟ್ಟೆವು.

ಇದು ಇಂದು ನಿನ್ನೆಯ ಮರೆವಲ್ಲ. ಹಿಂದಿನ ಮೈಸೂರು ರಾಜ್ಯದಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1976ರಲ್ಲಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನೂ ರಾಜ್ಯ ವಶಪಡಿಸಿಕೊಳ್ಳುವ ಶಾಸನ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಇದೇ ಹುಣಸೂರು ಕ್ಷೇತ್ರದ ದೇವರಾಜ ಅರಸರು. ಮಾಲೀಕರು ಕೋರ್ಟಿಗೆ ಹೋದರು. 1977ರಲ್ಲಿ ಸುಪ್ರೀಂ ಕೋರ್ಟು ಶಾಸನವನ್ನು ಎತ್ತಿಹಿಡಿಯಿತು. ಜನರನ್ನು ಒಯ್ಯುವುದು ಸಾರ್ವಜನಿಕ ಕೆಲಸವೆಂದು ಹೀಗೆ ಹೆಜ್ಜೆಹೆಜ್ಜೆಯಾಗಿ ಒಪ್ಪಿದೆವು. ಆ ಜನರು ತಿನ್ನುವ ಅಕ್ಕಿಯನ್ನು, ಉಡುವ ಬಟ್ಟೆಯನ್ನು ಒಯ್ಯುವುದು ಮಾತ್ರ ದಲ್ಲಾಳಿಯ ಕೈಯಲ್ಲೇ ಉಳಿಯಿತು.

ದಲ್ಲಾಳಿ ಎಂದೆ, ಲಾರಿಯವನೆನ್ನಲಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಒಂದೇ ಲಾರಿ ಇಟ್ಟುಕೊಂಡು, ಸಾಲದ ಕಂತು ಕಟ್ಟುತ್ತ, ತಾನೇ ಚಕ್ರ ಹಿಡಿದು ನಿದ್ದೆಗೆಟ್ಟವನು ನಮ್ಮ ಶತ್ರುವಲ್ಲ. 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿತು. ಲಾರಿಗಳು ಮುಷ್ಕರಕ್ಕೆ ನಿಂತವು. ದೊಡ್ಡ ಕಂಪೆನಿಯಾದರೆ ಆ ಏರಿಕೆಯನ್ನು ಕರಾರಿನಲ್ಲಿ ಬರೆಸಿಕೊಳ್ಳುತ್ತದೆ. ಒಂಟಿ ಲಾರಿಯವನು ಹೆಚ್ಚು ಮೂಟೆ ಹೇರುತ್ತಾನೆ, ಕಡಿಮೆ ನಿದ್ದೆ ಮಾಡುತ್ತಾನೆ.

ಹೆಚ್ಚು ಮೂಟೆ ಹೇರುವುದರಲ್ಲೂ ಒಂದು ಲೆಕ್ಕವಿದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ರಸ್ತೆಗಳ ಮೇಲೆ ಲಾರಿಗಳನ್ನು ಹಗಲಿರುಳು ಓಡಿಸಿ ಪರೀಕ್ಷೆ ಮಾಡಿದರು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು ಎಂದು ತಿಳಿಯಿತು. ನಮ್ಮ ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಒಂದು ಅಚ್ಚಿನ ಮೇಲೆ ಹೇರಬಹುದಾದ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಏರಿಸಿದ್ದು ನೂರಕ್ಕೆ ಹದಿಮೂರರಷ್ಟು. ರಸ್ತೆ ಸವೆಯುವುದು ನೂರಕ್ಕೆ ಅರವತ್ತರಷ್ಟು ಹೆಚ್ಚು. ಲಾಭ ಸರಕು ಕಳಿಸುವ ದೊಡ್ಡವನಿಗೆ, ಗುಂಡಿ ಹಳ್ಳಿಯ ರಸ್ತೆಗೆ.

ಹಾಗಾದರೆ ರೈಲು? ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ಕಂಡದ್ದು ಕೆ.ಆರ್. ನಗರ ಒಂದೇ. ನಾನು ಚಿಕ್ಕವನಾಗಿದ್ದಾಗ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು. ಅದು ಮೀಟರ್ ಗೇಜಿನ ಕಾಲ. ನಾಲ್ಕಾರು ಮೂಟೆ ಇದ್ದವನೂ ಸ್ಟೇಷನ್ನಿಗೆ ಬಂದು ಬುಕ್ ಮಾಡುತ್ತಿದ್ದ. 1990ರ ದಶಕದಲ್ಲಿ ಹಳಿ ಅಗಲವಾಯಿತು, ಬಾಗಿಲು ಕಿರಿದಾಯಿತು. ಈಗ ಗೂಡ್ಸ್ ರೈಲಿಗೆ ಬೇಕಾದುದು ಇಡೀ ಒಂದು ರೈಲಿನ ಸರಕು, ಎರಡು ಸಾವಿರ ಟನ್ನಿಗೂ ಮೇಲೆ. ಕಲ್ಲಿದ್ದಲಿನವರು ತುಂಬಿಸುತ್ತಾರೆ, ಸಿಮೆಂಟಿನವರು ತುಂಬಿಸುತ್ತಾರೆ. ಸಾಲಿಗ್ರಾಮದ, ಮಿರ್ಲೆಯ, ಭೇರ್ಯದ ಭತ್ತ ಕುಟ್ಟುವ ಗಿರಣಿಯವನು ತುಂಬಿಸಿಯಾನೆ? 1950–51ರಲ್ಲಿ ದೇಶದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ರೈಲಿನಲ್ಲಿ ಹೋಗುತ್ತಿತ್ತು. ಈಗ ಮೂರನೆಯ ಒಂದು ಪಾಲೂ ಇಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ರಸ್ತೆಗಿಂತ ಎಷ್ಟೋ ಕಡಿಮೆ ಇಂಧನ ಸಾಕೆಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸಣ್ಣವನನ್ನು ರಸ್ತೆಗೆ ತಳ್ಳಿದರು.

ಆದರೂ ರೈಲಿನ ಹೆಸರಿನಲ್ಲಿ ಸುಳ್ಳು ಆಸೆ ಹುಟ್ಟಿಸುವುದು ನನಗೆ ಸೇರದು. ಕೆ.ಆರ್. ನಗರದಿಂದ ಮೈಸೂರಿನ ಅಂಗಡಿಗೆ ನಲವತ್ತು ಕಿಲೋಮೀಟರು ಸರಕು ಕಳಿಸಲು ರೈಲು ಹಿಡಿದರೆ ಎರಡು ಸಲ ಏರಿಸಿ ಎರಡು ಸಲ ಇಳಿಸಬೇಕು. ಹಮಾಲಿಯಲ್ಲೇ ಉಳಿತಾಯ ಕರಗುತ್ತದೆ. ದೂರದ ಊರಿಗಾದರೆ ಮಾತು ಬೇರೆ. ಹತ್ತಾರು ಗಿರಣಿಯವರು ಸೇರಿ ಸ್ಟೇಷನ್ನಿನಲ್ಲಿ ಸರಕು ಕೂಡಿಹಾಕಿ, ನಾಲ್ಕೈದು ವ್ಯಾಗನ್ನನ್ನಾದರೂ ರೈಲ್ವೆ ಒಪ್ಪಿಕೊಳ್ಳುವಂತೆ ಒತ್ತಾಯ ಮಾಡಬೇಕು.

ಹುಣಸೂರು, ಪಿರಿಯಾಪಟ್ಟಣದವರು ಕೇಳಬಹುದು: ನಮ್ಮ ರೈಲು ಎಲ್ಲಿ? ಮೈಸೂರು–ಕುಶಾಲನಗರ ರೈಲುಮಾರ್ಗ ಸುಮಾರು 87 ಕಿಲೋಮೀಟರು, ಸುಮಾರು 1,850 ಕೋಟಿ ರೂಪಾಯಿ ಎಂದು 2019ರಲ್ಲಿ ಲೆಕ್ಕ ಕೊಟ್ಟರು. ಸಮೀಕ್ಷೆಗಳಾದವು, ಹಳಿ ಬೀಳಲಿಲ್ಲ. ಅದೇ ದಾರಿಗೆ 92 ಕಿಲೋಮೀಟರು ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ವೆಚ್ಚ ಸುಮಾರು 4,130 ಕೋಟಿ. ಬೆಂಗಳೂರಿನಿಂದ ಕುಶಾಲನಗರಕ್ಕೆ ಐದು ಗಂಟೆಯ ದಾರಿ ಎರಡೂವರೆ ಗಂಟೆಗೆ ಇಳಿಯುತ್ತದಂತೆ. ಸಂತೋಷ. ಕೊಡಗಿಗೆ ವಿಹಾರ ಹೋಗುವವರು ಬೇಗ ತಲುಪಲಿ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ತಡೆದದ್ದನ್ನು ನೆನೆಯಿರಿ. ಪ್ರವೇಶಕ್ಕೆ ಕಟ್ಟುಪಾಡಿರುವ ಈ ಹೊಸ ಹೆದ್ದಾರಿಯಲ್ಲೂ ಹಾಗೆಯೇ ಆದರೆ, ಬೇಲು ಹೇರಿದ ಟ್ರ್ಯಾಕ್ಟರು, ಬೆಳಗಿನ ಪಾಳಿಗೆ ಹೊರಟ ಬೈಕು ಹೋಗಬೇಕಾದುದು ಪಕ್ಕದ ರಸ್ತೆಯಲ್ಲಿ. ಆ ಪಕ್ಕದ ರಸ್ತೆ ಊರಿಂದೂರಿಗೆ ತುಂಡಾಗದೆ ಹೋಗುತ್ತದೆಯೇ ಎಂಬುದೇ ನಮಗೆ ಮುಖ್ಯ ಪ್ರಶ್ನೆ, ಎರಡೂವರೆ ಗಂಟೆಯಲ್ಲ.

ಎಚ್.ಡಿ. ಕೋಟೆಯ ಕಡೆಯ ವರ್ತಕರು ಬಾವಲಿ ರಸ್ತೆಯನ್ನು ರಾತ್ರಿ ತೆರೆಯಿಸಿರೆಂದು ನನ್ನ ಹತ್ತಿರ ಹೇಳಿದ್ದುಂಟು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಾಡಿನ ದಾರಿ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುವುದರಿಂದ ಶುಂಠಿ, ಬಾಳೆ ಕೆಡುವುದಿಲ್ಲ. ಹಗಲು ಹೊರಡುವಂತೆ ಲೋಡು ಕಟ್ಟಿಕೊಂಡರೆ ಆಯಿತು. ಆನೆಗೆ ಬೇರೆ ದಾರಿ ಇಲ್ಲ.

ಈಗ ಕೆಲಸಗಾರರ ಮಾತಿಗೆ ಬರುತ್ತೇನೆ. ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ, ಹೆಬ್ಬಾಳದ ಕಾರ್ಖಾನೆಗಳು ಇರುವುದು ಮೈಸೂರಿನ ನಮ್ಮ ಮಗ್ಗುಲಿನಲ್ಲೇ. ಹುಣಸೂರಿನ, ಬಿಳಿಕೆರೆಯ, ಕೆ.ಆರ್. ನಗರದ ಹುಡುಗರು ದಿನಾ ಹೋಗಿಬರುತ್ತಾರೆ. ಎರಡನೆಯ ಪಾಳಿ ರಾತ್ರಿ ಹತ್ತಕ್ಕೆ ಬಿಟ್ಟರೆ ಹಳ್ಳಿಗೆ ಬಸ್ಸು ಯಾವುದು? ಹಾಗಾಗಿ ಸಾಲ ಮಾಡಿ ಬೈಕು. ದಿನಕ್ಕೆ 90 ಕಿಲೋಮೀಟರಿಗೆ ಎರಡು ಲೀಟರು ಪೆಟ್ರೋಲು, ಇನ್ನೂರು ರೂಪಾಯಿ. ತಿಂಗಳಿಗೆ 25 ದಿನ, ಐದು ಸಾವಿರ. ಹದಿನೈದು ಸಾವಿರ ದುಡಿಯುವ ಗುತ್ತಿಗೆ ಕೆಲಸಗಾರ ಸಂಬಳದ ಮೂರನೆಯ ಒಂದು ಪಾಲನ್ನು ಕೆಲಸಕ್ಕೆ ಹೋಗುವುದಕ್ಕೇ ಸುಡುತ್ತಾನೆ. ಕೂಲಿ ಹೆಚ್ಚಿಸಿರೆಂದು ಹೋರಾಡುತ್ತೇವೆ. ರಾತ್ರಿ ಹತ್ತೂವರೆಗೆ ಒಂದು ಬಸ್ಸು ಬಿಟ್ಟರೆ ಅದೂ ಕೂಲಿ ಹೆಚ್ಚಿಸಿದಂತೆಯೇ ಎಂಬುದನ್ನು ಮರೆಯುತ್ತೇವೆ.

ಹೆಣ್ಣುಮಕ್ಕಳ ಮಟ್ಟಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದೆ. 2025ರ ಜುಲೈ 14ಕ್ಕೆ ರಾಜ್ಯದಲ್ಲಿ 500 ಕೋಟಿ ಉಚಿತ ಪ್ರಯಾಣಗಳಾದವು. ಅದನ್ನು ಬಿಟ್ಟಿ ಭಾಗ್ಯವೆಂದು ಅಣಕಿಸುವವರು ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಕೈಚೀಲದ ಲೆಕ್ಕ ನೋಡಲಿ. ಆದರೆ ಟಿಕೆಟ್ ಉಚಿತವಾಯಿತೆಂದು ಬಸ್ಸು ತಾನಾಗಿ ಹೆಚ್ಚುವುದಿಲ್ಲ. 2025ರ ಜನವರಿ 5ರಿಂದ ಛಾರ್ಜು ನೂರಕ್ಕೆ 15ರಷ್ಟು ಏರಿತು. ಆ ಹೊರೆ ಗಂಡಸರ ಮೇಲೆ ಬಿತ್ತು. ಅದೇ ಆಗಸ್ಟ್ 5ರಂದು ಸಾರಿಗೆ ನೌಕರರು 38 ತಿಂಗಳ ವೇತನ ಬಾಕಿ ಕೇಳಿ ಮುಷ್ಕರ ಹೂಡಿದರು. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ಬೈದ ನಮ್ಮವರೂ ಇದ್ದರು. ಬೈಯಬಾರದಿತ್ತು. ಬಾಕಿ ಉಳಿಸಿಕೊಂಡದ್ದು ಅವನಲ್ಲ.

ಇನ್ನು ಮಾಡಬೇಕಾದ್ದು. ನಾಲ್ಕು ಸಾವಿರ ಕೋಟಿ ಬೇಡದ ಕೆಲಸಗಳಿವೆ. ನಾಲ್ಕೂ ಊರುಗಳಲ್ಲಿ ಸಾರಿಗೆ ನಿಗಮದ ಡಿಪೊ ಇದೆ. ನಿಗಮ 2021ರಲ್ಲಿ ‘ನಮ್ಮ ಕಾರ್ಗೊ’ ಎಂದು ಬಸ್ಸಿನಲ್ಲಿ ಪಾರ್ಸೆಲ್ ಒಯ್ಯಲು ತೊಡಗಿತು; 2023ರ ಡಿಸೆಂಬರ್‌ನಲ್ಲಿ ಇಪ್ಪತ್ತು ಸರಕು ಲಾರಿಗಳನ್ನೂ ಇಳಿಸಿತು. 1948ರಲ್ಲಿ ಬಿಟ್ಟುಹೋದ ಅರ್ಧ ಕೆಲಸಕ್ಕೆ ಕೈಹಾಕಿದಂತಾಯಿತು. ಅಂಥ ಒಂದು ಲಾರಿ ಬೆಳಿಗ್ಗೆ ಪಿರಿಯಾಪಟ್ಟಣದಿಂದ ಹೊರಟು ಹುಣಸೂರಿನಲ್ಲಿ ಸರಕು ಕೂಡಿಸಿಕೊಂಡು ಮೈಸೂರಿಗೆ ಹೋಗಲಿ, ಸಂಜೆ ಸಂತೇಪೇಟೆಯ ಸರಕು ತುಂಬಿಕೊಂಡು ಹಿಂದಿರುಗಲಿ, ಇನ್ನೊಂದು ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟಿನಿಂದ ಹೊರಡಲಿ. ಏಳು ಕ್ವಿಂಟಾಲಿನವನೂ ದೊಡ್ಡ ಲಾರಿಯ ದರಕ್ಕೆ ಹತ್ತಿರ ಬರುತ್ತಾನೆ. ಒಂಟಿ ಲಾರಿಯವನ ಹೊಟ್ಟೆಗೆ ಹೊಡೆಯುವುದು ಬೇಡ; ಅವನ ಲಾರಿಯನ್ನೇ ಡಿಪೊದ ಮೂಲಕ ಗೊತ್ತಾದ ಬಾಡಿಗೆಗೆ ಹಿಡಿದರೆ ಕಮಿಷನ್ ಉಳಿಯುತ್ತದೆ, ಹಿಂದಿರುಗುವ ಹೇರೂ ಸಿಗುತ್ತದೆ.

ನಿಗಮ ಏನು ಕೇಳುತ್ತದೆ ಎಂದು ನನಗೆ ಗೊತ್ತು: ‘ಸರಕು ಎಷ್ಟಿದೆ? ಜನ ಎಷ್ಟಿದ್ದಾರೆ?’ ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಬೇಕು. ಬಾಗಿಲ ಹತ್ತಿರ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದೆ. ವರ್ತಕರು ಮೊದಲನೆಯದರಲ್ಲಿ ವಾರಕ್ಕೆ ಎಷ್ಟು ಮೂಟೆ, ಎಲ್ಲಿಂದ ಎಲ್ಲಿಗೆ, ಈಗ ಕೊಡುತ್ತಿರುವ ಬಾಡಿಗೆ ಎಷ್ಟು ಎಂದು ಬರೆಯಿರಿ. ಕೆಲಸಗಾರರು ಎರಡನೆಯದರಲ್ಲಿ ಪಾಳಿ ಬಿಡುವ ವೇಳೆ, ಇಳಿಯುವ ಊರು ಬರೆಯಿರಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಲಿ. ಉತ್ಪ್ರೇಕ್ಷೆ ಬೇಡ, ಐದು ಮೂಟೆ ಇದ್ದರೆ ಐದೆಂದೇ ಬರೆಯಿರಿ. ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಎರಡು ಪುಸ್ತಕ ಹಿಡಿದು ಡಿಪೊಗೆ ಹೋಗುವವರು ಈಗಲೇ ಕೈ ಎತ್ತಿ.