ಡಬ್ಬಿ ಎಲ್ಲಿಗೆ ಬಂತು?

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಮಾವಿನ ಹಣ್ಣಿನ ಆರ್ಡರನ್ನು ಕಂಪ್ಯೂಟರಿನಲ್ಲಿ ಹೇಗೆ ನೋಡಿಕೊಳ್ತೀವಿ ಅಂತ ನಾಲ್ಕು ಮಾತು ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವೇನೂ ಕಂಪ್ಯೂಟರ್ ಕಲಿತವರಲ್ಲ. ಆದರೆ ಇದು ಯಾಕೆ ಬಂತು ಅನ್ನುವುದನ್ನು ಆಡಳಿತ ಮಂಡಳಿಯವರೇ ಹೇಳಬೇಕು, ಯಾಕೆಂದರೆ ತಪ್ಪು ಮಾಡಿದವರು ನಾವೇ.

2020ರ ಮೇ ತಿಂಗಳು ನಿಮಗೆಲ್ಲಾ ನೆನಪಿದೆ. ಕೊರೊನಾ ಲಾಕ್‌ಡೌನು. ಮರದಲ್ಲಿ ಬಾದಾಮಿ, ರಸಪುರಿ ಬಲಿತು ನಿಂತಿದೆ, ಶ್ರೀನಿವಾಸಪುರದ ಮಂಡಿಗೆ ಹೊರಗಿನ ವ್ಯಾಪಾರಿಗಳು ಬರ್ತಾರೋ ಇಲ್ಲವೋ ತಿಳಿಯದು. ಆಗ ಬೆಂಗಳೂರಿನ ಅಪಾರ್ಟ್‌ಮೆಂಟಿನವರು ನೇರವಾಗಿ ಕೊಳ್ತೀವಿ ಅಂದರು. ಮೂರು ಕೆ.ಜಿ. ಡಬ್ಬಿ ಮಾಡಿ ಕಳಿಸಿದ್ವಿ. ಮಂಡಿಗಿಂತ ಒಳ್ಳೆ ರೇಟು ಸಿಕ್ಕಿತು. ಮುಂದಿನ ವರ್ಷ ಆರ್ಡರು ಇನ್ನೂ ಹೆಚ್ಚಾಯಿತು, ಗೊಂದಲವೂ ಹೆಚ್ಚಾಯಿತು. ಒಬ್ಬರು ಅಧ್ಯಕ್ಷರಿಗೆ ಫೋನ್ ಮಾಡಿ ಹೇಳೋರು, ಇನ್ನೊಬ್ಬರು ನಮ್ಮ ವಾಟ್ಸಾಪಿಗೆ ಕಳಿಸೋರು, ಮತ್ತೊಬ್ಬರು ವ್ಯಾನಿನ ಡ್ರೈವರಿಗೇ ಚೀಟಿ ಕೊಡೋರು. ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ಏರಿಸುವ ಕೆಲಸ ಸಂಘದ ಕ್ಲರ್ಕ್ ಹೆಣ್ಣುಮಗಳದು.

2021ರ ಜೂನಿನಲ್ಲಿ ಲೆಕ್ಕ ಕೂಡಿದಾಗ 8,400 ರೂಪಾಯಿ ಕಡಿಮೆ ಬಂತು. ಹದಿನಾಲ್ಕು ಡಬ್ಬಿ ಹೋಗಿದೆ, ದುಡ್ಡಿಲ್ಲ. ಯಾರೂ ಬಾಯಿ ಬಿಟ್ಟು ಕಳ್ಳತನ ಅನ್ನಲಿಲ್ಲ. ಆದರೆ ಆ ಮಗಳ ಕೈಯಿಂದ ಬೀರುವಿನ ಕೀ ಈಸ್ಕೊಂಡ್ವಿ. ಮಾರನೇ ವಾರ ಆಕೆ ಚೀಟಿ ಎತ್ತಿ 8,400 ತಂದು ಕಟ್ಟಿದರು. ನಾವು ರಸೀದಿ ಹರಿದುಕೊಟ್ವಿ.

ಸೆಪ್ಟೆಂಬರಿನಲ್ಲಿ ನಮ್ಮ ಸದಸ್ಯರೊಬ್ಬರು ಗೊಬ್ಬರದ ಬಾಕಿ ಕಟ್ಟೋಕೆ ಬಂದರು. ಅವರ ಖಾತೆ ನೋಡಿದರೆ ಬಾಕಿ ಕಡಿಮೆ ಇದೆ. "ಇಷ್ಟು ದುಡ್ಡು ನಾನು ಯಾವಾಗ ಕಟ್ಟಿದೆ ಸ್ವಾಮಿ?" ಅಂತ ಅವರೇ ಕೇಳಿದರು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆ ಪುಣ್ಯಾತ್ಮರಿಗೆ ಈ ವೇದಿಕೆಯಿಂದ ಕೈ ಮುಗೀತೀವಿ. ಆಗಿದ್ದು ಇಷ್ಟೇ. ಅಪಾರ್ಟ್‌ಮೆಂಟಿನ ಒಬ್ಬರು ಹದಿನಾಲ್ಕು ಮನೆಯ ದುಡ್ಡು ಒಟ್ಟುಮಾಡಿ ಯುಪಿಐನಲ್ಲಿ ಒಂದೇ ಸಲ ಕಳಿಸಿದ್ದರು. ಅವರ ಹೆಸರೂ ನಮ್ಮ ಸದಸ್ಯರ ಹೆಸರೂ ಒಂದೇ. ಬ್ಯಾಂಕ್ ಪಟ್ಟಿ ನೋಡಿ ಗೊಬ್ಬರದ ಖಾತೆಗೆ ಜಮಾ ಮಾಡಿ ಅಂತ ಹೇಳಿದ್ದು ನಾವೇ, ನಿರ್ದೇಶಕರು.

ದುಡ್ಡು ವಾಪಸ್ ಕೊಟ್ವಿ. ಕೀ ವಾಪಸ್ ಕೊಡೋಕೆ ಹೋದರೆ ಆಕೆ ಕೈ ಚಾಚಲಿಲ್ಲ. ಮೇಜಿನ ಮೇಲಿಡಿ ಅಂದರು.

ಇದಾದ ಮೇಲೆ 2022ರ ಸುಗ್ಗಿಗೆ ಮೊದಲು ಒಂದು ವ್ಯವಸ್ಥೆ ಆಗಲೇಬೇಕು ಅಂತ ಕೂತ್ವಿ. ಅದೇ ವರ್ಷ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಸಾಲ, ಜಮಾಖರ್ಚಿನ ಲೆಕ್ಕಕ್ಕೆ ಆಯಿತು, ಹಣ್ಣಿನ ಡಬ್ಬಿ ಎಲ್ಲಿದೆ ಅಂತ ಅದು ಹೇಳೋದಿಲ್ಲ. ಆ್ಯಪ್ ಮಾಡಿಕೊಡ್ತೀವಿ ಅಂತ ಬಂದವರು ಕೇಳಿದ ದುಡ್ಡು ನಮ್ಮ ಕೈಗೆ ಎಟುಕಲಿಲ್ಲ. ಊರಿನ ಇಬ್ಬರು ಹುಡುಗರು ಗೂಗಲ್ ಫಾರ್ಮ್, ಗೂಗಲ್ ಶೀಟ್ ಇಟ್ಟುಕೊಂಡು ಮಾಡಿಕೊಟ್ಟರು. ಖರ್ಚು ಅಂದರೆ ಒಂದು ಪ್ರಿಂಟರು, ಅಂಟುಚೀಟಿ, ಹುಡುಗರ ಕಾಫಿ ತಿಂಡಿ.

ಆರ್ಡರು ಎಲ್ಲಿಂದ ಬರಲಿ, ಫಾರ್ಮಿನೊಳಗೆ ಹೋಗಲೇಬೇಕು. ಹೋದ ಕೂಡಲೇ ಅದಕ್ಕೊಂದು ನಂಬರು. ಅಧ್ಯಕ್ಷರ ಬಾವಮೈದನ ಆರ್ಡರಾದರೂ ನಂಬರಿಲ್ಲದೆ ಡಬ್ಬಿ ಎದ್ದೇಳೋದಿಲ್ಲ. ಯುಪಿಐ ಹಣಕ್ಕೆ ಹನ್ನೆರಡು ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ, ಆ ಸಂಖ್ಯೆಯನ್ನು ಆರ್ಡರ್ ನಂಬರಿನ ಪಕ್ಕ ಬರೆಯುತ್ತೇವೆ. ಹೆಸರು ನೋಡಿ ಜಮಾ ಮಾಡೋದು ಅವತ್ತಿಗೇ ನಿಂತಿತು.

ಮೊದಲು ಉತ್ಸಾಹದಲ್ಲಿ ಹನ್ನೊಂದು ಹಂತ ಬರೆದುಕೊಂಡಿದ್ವಿ. ತೊಳೆದದ್ದು, ಒರೆಸಿದ್ದು, ತೂಗಿದ್ದು, ಎಲ್ಲಾ. ಯಾರೂ ತುಂಬಲಿಲ್ಲ. ಈಗ ಐದೇ: ಹಣ ಬಂತು, ಕೊಯ್ಲಾಯಿತು, ಪ್ಯಾಕಾಯಿತು, ಹೊರಟಿತು, ಮುಟ್ಟಿತು. ಕೆಲಸ ಮಾಡಿದವರೇ ತಮ್ಮ ಹೆಸರಿನ ಖಾತೆಯಿಂದ ಗುರುತು ಹಾಕಬೇಕು. ಯಾರು ಎಷ್ಟು ಹೊತ್ತಿಗೆ ಏನು ಬದಲಾಯಿಸಿದರು ಅನ್ನುವುದು ಶೀಟಿನ ಇತಿಹಾಸದಲ್ಲಿ ಉಳಿಯುತ್ತದೆ. ಎಲ್ಲರೂ ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ ಮತ್ತೆ ಒಬ್ಬರ ತಲೆ ಮೇಲೆ ಬರುತ್ತದೆ. ಆರ್ಡರ್ ಬೇಡವಾದರೂ ಸಾಲು ಅಳಿಸುವ ಹಾಗಿಲ್ಲ, ರದ್ದು ಅಂತ ಬರೆಯಬೇಕು.

ತೋಟದಲ್ಲಿ ಸಿಗ್ನಲ್ ಇಲ್ಲವಲ್ಲ ಅಂತ ಕೆಲವರು ಕೇಳ್ತೀರಿ. ನಿಜ. ಕೊಯ್ಲಿನ ಜಾಗದಲ್ಲಿ ಚೀಟಿ ಮೇಲೇ ಬರೆಯೋದು, ಸಾಯಂಕಾಲ ಆಫೀಸಿನಲ್ಲಿ ಏರಿಸೋದು. ಹಿರಿಯ ನಿರ್ದೇಶಕರು ನೋಟ್‌ಬುಕ್ಕೂ ಇರಲಿ ಅಂದರು, ನಾವೂ ಅವರ ಪರವೇ. ಕರೆಂಟು ಹೋದಾಗ ಅದೇ ಗತಿ.

ಅಂಚೆ ಪಾರ್ಸಲ್ಲಿನಲ್ಲಿ ಹೋಗುವ ಡಬ್ಬಿಗೆ ಅಂಚೆಯವರದೇ ಹದಿಮೂರು ಅಕ್ಷರದ ನಂಬರಿದೆ. ಮುಂದೆ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಐ ಎನ್. ಒಂಬತ್ತನೆಯ ಅಂಕಿ ಮೊದಲಿನ ಎಂಟರಿಂದ ಲೆಕ್ಕ ಹಾಕಿದ್ದು, ಒಂದಂಕಿ ತಪ್ಪು ಹೊಡೆದರೆ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಈ ಉಪಾಯ ನಮ್ಮ ಹುಡುಗರಿಗೆ ಬಹಳ ಹಿಡಿಸಿತು, ಶೀಟಿನಲ್ಲೂ ಅದೇ ಲೆಕ್ಕ ಕೂರಿಸಿದ್ದಾರೆ.

ಇನ್ನೊಂದು ಎಡವಟ್ಟೂ ಆಯಿತು, ಮುಚ್ಚಿಡೋದು ಬೇಡ. ಮೊದಲ ವಾರ ಇಡೀ ಶೀಟಿನ ಲಿಂಕನ್ನೇ ಗಿರಾಕಿಗಳಿಗೆ ಕಳಿಸಿಬಿಟ್ವಿ. ಎಲ್ಲರ ಫೋನು, ಮನೆ ವಿಳಾಸ ಎಲ್ಲರಿಗೂ ಕಾಣ್ತು. ಒಂಟಿಯಾಗಿರುವ ವಯಸ್ಸಾದ ತಾಯಿಯೊಬ್ಬರು ಫೋನ್ ಮಾಡಿ, "ಯಾರು ಮನೇಲಿದಾರೆ, ಯಾರು ಇಲ್ಲ ಅಂತ ಊರಿಗೆಲ್ಲಾ ಹೇಳಿದಿರಾ?" ಅಂತ ಬೈದರು. ಅವತ್ತೇ ತೆಗೆಸಿದ್ವಿ. ಈಗ ಆರ್ಡರ್ ನಂಬರಿನ ಜೊತೆ ಫೋನಿನ ಕೊನೆಯ ನಾಲ್ಕು ಅಂಕಿ ಹೊಡೆದರೆ ಅವರ ಡಬ್ಬಿಯ ಸುದ್ದಿ ಮಾತ್ರ ಬರುತ್ತದೆ. ಆಮೇಲೆ 2023ರಲ್ಲಿ ಇಂಥ ಮಾಹಿತಿ ಕಾಪಾಡಬೇಕು ಅಂತ ಪಾರ್ಲಿಮೆಂಟಿನಲ್ಲಿ ಕಾನೂನೇ ಆಯಿತು.

ನಾವು ಎಣಿಸದೇ ಇದ್ದ ಲಾಭ ಅಂದರೆ ಕೊಯ್ಲಿನ ತಾರೀಖು. ಕಾರ್ಬೈಡ್ ಹಾಕುವ ಹಾಗಿಲ್ಲ, ನಾವು ಬಲಿತ ಕಾಯಿ ತೊಟ್ಟು ಸಮೇತ ಕಿತ್ತು ಹಾಗೇ ಕಳಿಸ್ತೀವಿ. ಮನೆಯಲ್ಲಿ ಐದಾರು ದಿನ ಇಟ್ಟರೆ ಹಣ್ಣಾಗುತ್ತದೆ. ಮೊದಲು ಡಬ್ಬಿ ಬಿಚ್ಚಿದ ದಿನವೇ "ಕಲ್ಲು ಕಳಿಸಿದ್ದೀರಿ" ಅಂತ ಜಗಳ. ಈಗ ತಾರೀಖು ನೋಡಿ ಅವರೇ ಕಾಯ್ತಾರೆ.

ಬಗೆಹರಿಯದ್ದೂ ಇದೆ. ವಾಚ್‌ಮನ್ ಕೈಗೆ ಕೊಟ್ಟು ಬಂದರೆ ಅದನ್ನು ಮುಟ್ಟಿತು ಅನ್ನಬೇಕೋ ಬೇಡವೋ, ಮಂಡಳಿಯಲ್ಲಿ ಇನ್ನೂ ತರ್ಕ ನಡೀತಿದೆ.

ಇವತ್ತು ನಿಮ್ಮ ಮುಂದೆ ಇರುವ ಠರಾವು ಬೇರೆ. ಪ್ರತಿ ಡಬ್ಬಿಯ ಮೇಲೂ ಕಾಯಿ ಕೊಟ್ಟ ಸದಸ್ಯರ ನಂಬರು ಹಾಕಬೇಕು, ಕೊಳೆತ ದೂರು ಬಂದರೆ ಆ ತೋಟಕ್ಕೇ ಹೋಗಬೇಕು ಅಂತ. ಕೆಲವರಿಗೆ ಇದು ಸರಿಬಂದಿಲ್ಲ. ದಾರಿಯಲ್ಲಿ ಡಬ್ಬಿ ಎತ್ತಿ ಹಾಕಿದರೆ ತಪ್ಪು ನಮ್ಮ ತಲೆಗೆ ಯಾಕೆ ಅನ್ನೋರಿದ್ದಾರೆ. ಅದು ನ್ಯಾಯವಾದ ಮಾತು. ಅದಕ್ಕೇ ಪ್ಯಾಕಿನ ಹೊತ್ತಿಗೆ ಡಬ್ಬಿ ಬಿಚ್ಚಿಟ್ಟು ಒಂದು ಫೋಟೋ ತೆಗೆದು ನಂಬರಿಗೆ ಸೇರಿಸೋಣ ಅಂತ ತಿದ್ದುಪಡಿ ತಂದಿದ್ದೇವೆ. ಕೈ ಎತ್ತುವ ಮೊದಲು ಹೋದ ವರ್ಷದ ದೂರುಗಳ ಪಟ್ಟಿ ಕೇಳಿ. ನಮ್ಮ ಕ್ಲರ್ಕ್ ಮಗಳು ಈಗ ಓದುತ್ತಾರೆ. ಶೀಟು ಅವರ ಸುಪರ್ದಿನಲ್ಲೇ ಇದೆ, ಬೀರುವಿನ ಕೀ ಕೂಡ.